ನಿವಾಸಿಗಳ ಸಂಘದ ನಿಯಮ ತಿದ್ದುಪಡಿ: ಹಿತ್ತಲಿನಲ್ಲಿ ಸಾಮಾನು ಷೆಡ್‌ಗೆ ಅವಕಾಶ ಕಲ್ಪಿಸುವ ಬಗ್ಗೆ ಮಾಹಿತಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ವಸತಿ ಬಡಾವಣೆಗಳಲ್ಲಿ ರಚನೆಯಾಗಿರುವ ನಿವಾಸಿಗಳ ಸಂಘಗಳು ಹಾಗೂ ನಿವೇಶನದಾರರ ಸಂಘಗಳು, ಮನೆಯ ಹಿತ್ತಲಿನಲ್ಲಿ ಸಾಮಾನು ಇಡುವ ಷೆಡ್‌ಗೆ ಅವಕಾಶ ನೀಡುವ ಸಲುವಾಗಿ ತಮ್ಮ ನಿಯಮಗಳಿಗೆ ತಿದ್ದುಪಡಿ ತರಲು ಬಯಸಿದಲ್ಲಿ ಅನುಸರಿಸಬೇಕಾದ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

2008ರಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ನಂತರ ಈ ಭಾಗದಲ್ಲಿ ಖಾಸಗಿ ಬಡಾವಣೆಗಳು ಹೆಚ್ಚಿದವು. ಬಹುಪಾಲು ಬಡಾವಣೆಗಳಲ್ಲಿ ಸಂಘದ ಮೊದಲ ನಿಯಮಾವಳಿಯನ್ನು ಸಿದ್ಧಪಡಿಸಿದವರು ನಿವಾಸಿಗಳಲ್ಲ, ಬಡಾವಣೆಯ ಪ್ರವರ್ತಕರು. ಎಲ್ಲ ಮನೆಗಳೂ ಒಂದೇ ಮಾದರಿಯಲ್ಲಿ ಕಾಣಬೇಕೆಂಬ ಉದ್ದೇಶದಿಂದ, ಮುಖ್ಯ ಕಟ್ಟಡದ ಹೊರತು ಬೇರೆ ಯಾವುದೇ ರಚನೆ ಕೂಡದು ಎಂಬ ನಿಯಮವನ್ನು ಅವುಗಳಲ್ಲಿ ಸೇರಿಸಿರುವುದುಂಟು. ಮನೆ ಕಟ್ಟಿ ವಾಸಕ್ಕೆ ಬಂದವರಿಗೆ ಗುದ್ದಲಿ, ಏಣಿ, ನೀರಿನ ಡ್ರಮ್ಮು, ಮಕ್ಕಳ ಸೈಕಲ್ಲು, ಗೊಬ್ಬರದ ಚೀಲ ಇಡಲು ಜಾಗ ಬೇಕಾಗುತ್ತದೆ. ಹತ್ತಿರದ ಊರಿನಲ್ಲಿ ದ್ರಾಕ್ಷಿ ತೋಟವೋ ಹೂವಿನ ತೋಟವೋ ಇರುವವರಿಗೆ ಹನಿ ನೀರಾವರಿಯ ಪೈಪು, ಔಷಧಿ ಸಿಂಪಡಿಸುವ ಯಂತ್ರ ಇತ್ಯಾದಿ ಇನ್ನಷ್ಟಿರುತ್ತವೆ. ಆದುದರಿಂದ ಈ ಬೇಡಿಕೆಯು ನ್ಯಾಯವಾದದ್ದೇ ಆಗಿದೆ. ಆದರೆ ಅದನ್ನು ಈಡೇರಿಸಿಕೊಳ್ಳುವ ದಾರಿಯನ್ನು ಅನೇಕರು ತಪ್ಪಾಗಿ ತಿಳಿದಿರುತ್ತಾರೆ.

ಮೊದಲು ತಿಳಿಯಬೇಕಾದ ಸಂಗತಿ

ಸಂಘವು ನಿಯಮ ತಿದ್ದಿದರೆ ಸಂಘದ ಆಕ್ಷೇಪಣೆ ಮಾತ್ರ ನಿವಾರಣೆಯಾಗುತ್ತದೆ. ಅದರಿಂದ ಕಟ್ಟಡ ಪರವಾನಗಿ ದೊರೆತಂತಾಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿಯೂ, ನಗರಸಭೆ ಹಾಗೂ ಪುರಸಭೆ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 187ನೇ ಪ್ರಕರಣದಂತೆ ಆ ಸಂಸ್ಥೆಯ ಅನುಮತಿಯೂ ಬೇಕಾಗುತ್ತದೆ. ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬರುವ ಜಾಗವಾದಲ್ಲಿ ಆ ಪ್ರಾಧಿಕಾರದ ವಲಯ ನಿಯಮಾವಳಿಗಳೂ ಅನ್ವಯಿಸುತ್ತವೆ.

“ತಗಡಿನ ಷೆಡ್ಡು ತಾನೆ, ಬುನಾದಿ ಇಲ್ಲ, ಬೋಲ್ಟ್ ಬಿಚ್ಚಿದರೆ ಹೋಯಿತು, ಇದಕ್ಕೇನು ಪರವಾನಗಿ?” ಎಂಬ ಪ್ರಶ್ನೆ ಸಾಮಾನ್ಯವಾಗಿ ಕೇಳಿಬರುತ್ತದೆ. 1964ರ ಅಧಿನಿಯಮದಲ್ಲಿ ‘ಕಟ್ಟಡ’ ಎಂಬ ಪದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಷೆಡ್ಡು ಹಾಗೂ ಗುಡಿಸಲು ಸಹ ಸೇರಿರುತ್ತವೆ. ಅವು ಇಟ್ಟಿಗೆಯವೋ, ಮರದವೋ, ಲೋಹದವೋ ಎಂಬ ಭೇದವನ್ನು ಅಲ್ಲಿ ಮಾಡಿರುವುದಿಲ್ಲ.

ಎರಡನೆಯದಾಗಿ, ಹಿತ್ತಲು ಎಂದು ನಾವು ಕರೆಯುವ ಜಾಗವು ಬಹುತೇಕ ನಿವೇಶನಗಳಲ್ಲಿ ಮಂಜೂರಾದ ನಕ್ಷೆಯಂತೆ ಖಾಲಿ ಬಿಡಲೇಬೇಕಾದ ಹಿಂಬದಿಯ ಸೆಟ್‌ಬ್ಯಾಕ್ ಆಗಿರುತ್ತದೆ. ಉದಾಹರಣೆಗೆ, 30×40 ಅಡಿಯ ನಿವೇಶನದ ನಕ್ಷೆಯಲ್ಲಿ ಹಿಂಬದಿ 1 ಮೀಟರ್ ಬಿಡಬೇಕೆಂದಿದ್ದರೆ ಅದು ಸುಮಾರು 3 ಅಡಿ 3 ಅಂಗುಲ. ಹಿಂಬದಿಯಲ್ಲಿ ಅಷ್ಟೇ ಜಾಗ ಉಳಿದಿರುವ ಮನೆಯಲ್ಲಿ 4 ಅಡಿ ಅಗಲದ ಷೆಡ್ಡು ಅಲ್ಲಿ ಹಿಡಿಯುವುದೂ ಇಲ್ಲ. ಚಿಕ್ಕದಾಗಿ ಮಾಡಿ ಹಿಡಿಸಿದರೆ ಅದು ಸೆಟ್‌ಬ್ಯಾಕ್ ಉಲ್ಲಂಘನೆಯಾಗುತ್ತದೆ. ಸಂಘದ ಸರ್ವ ಸದಸ್ಯರು ಒಮ್ಮತದಿಂದ ಠರಾವು ಮಾಡಿದರೂ ಸೆಟ್‌ಬ್ಯಾಕ್ ಕಡಿಮೆಯಾಗುವುದಿಲ್ಲ. ಆದುದರಿಂದ ಸಭೆ ಕರೆಯುವ ಮುನ್ನ ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆಯನ್ನೂ, ಬೇರೆ ಬೇರೆ ಅಳತೆಯ ಒಂದೆರಡು ಮನೆಗಳ ಮಂಜೂರಾತಿ ನಕ್ಷೆಗಳನ್ನೂ ಮುಂದಿಟ್ಟುಕೊಂಡು, ಸೆಟ್‌ಬ್ಯಾಕ್ ಬಿಟ್ಟ ನಂತರ ಜಾಗ ಉಳಿಯುತ್ತದೆಯೇ ಎಂದು ಅಳೆದು ನೋಡುವುದು ಸೂಕ್ತ. ಉಳಿಯದಿದ್ದಲ್ಲಿ ತಿದ್ದುಪಡಿಯಿಂದ ಪ್ರಯೋಜನವಿಲ್ಲ. ಅಂತಹ ಕಡೆ ನೆಲಕ್ಕೆ ಜೋಡಿಸದ, ಇಬ್ಬರು ಎತ್ತಿ ಸರಿಸಬಹುದಾದ ಸಾಮಾನು ಪೆಟ್ಟಿಗೆಗೆ ಸಂಘದ ನಿಯಮದಲ್ಲಿ ಅವಕಾಶ ಮಾಡಿಕೊಳ್ಳುವುದು ಹೆಚ್ಚು ಅನುಕೂಲಕರ.

ಕ್ರಯಪತ್ರವನ್ನೂ ಓದತಕ್ಕದ್ದು. ಹೆಚ್ಚುವರಿ ಕಟ್ಟಡ ಕೂಡದೆಂಬ ಷರತ್ತು ಕ್ರಯಪತ್ರದಲ್ಲಿಯೇ ಇದ್ದಲ್ಲಿ, ಸಂಘದ ನಿಯಮ ತಿದ್ದಿದ ಮಾತ್ರಕ್ಕೆ ಆ ಷರತ್ತು ಅಳಿಸಿಹೋಗುವುದಿಲ್ಲ.

ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ?

ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕೆಂಬುದು ಇದರ ಮೇಲೆ ಅವಲಂಬಿತವಾಗಿದೆ. ನಿವೇಶನಗಳ ಬಡಾವಣೆಗಳಲ್ಲಿನ ಬಹುಪಾಲು ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ಸಂಘಗಳ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ನೋಂದಣಿಯಾಗಿರುತ್ತವೆ. ಗೃಹ ನಿರ್ಮಾಣ ಸಹಕಾರ ಸಂಘವು ರಚಿಸಿದ ಬಡಾವಣೆಯಾಗಿದ್ದು ಆ ಸಂಘದ ಉಪವಿಧಿಯನ್ನೇ ತಿದ್ದಬೇಕಾದಲ್ಲಿ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 12ನೇ ಪ್ರಕರಣ ಅನ್ವಯಿಸುತ್ತದೆ.

ಅಪಾರ್ಟ್‌ಮೆಂಟ್ ಸಮುಚ್ಚಯಗಳ ವಿಷಯ ಬೇರೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ಕ್ಕೆ ಒಳಪಟ್ಟ ಸಮುಚ್ಚಯಗಳಲ್ಲಿ ಉಪವಿಧಿಯು ಘೋಷಣಾ ಪತ್ರದ ಅಂಗವಾಗಿರುವುದರಿಂದ, ತಿದ್ದುಪಡಿಯನ್ನು ಘೋಷಣಾ ಪತ್ರದ ತಿದ್ದುಪಡಿಯ ಮೂಲಕ ದಾಖಲಿಸಬೇಕಾಗುತ್ತದೆ. ನೆಲ ಅಂತಸ್ತಿನ ಮನೆಗೆ ಹೊಂದಿಕೊಂಡ ಕೈತೋಟವು ಆ ಮನೆಯವರ ಬಳಕೆಗೆ ಮೀಸಲಾಗಿರಬಹುದು. ಆದರೆ ಅದು ಅನೇಕ ಕಡೆ ಎಲ್ಲ ಮಾಲೀಕರ ಅವಿಭಾಜ್ಯ ಹಕ್ಕಿನ ಜಾಗವಾಗಿರುತ್ತದೆ. ಆ ಹಕ್ಕಿನ ಪ್ರಮಾಣವನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸಲು ಬರುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಕಾನೂನು ಸಲಹೆ ಪಡೆದು ಮುಂದುವರಿಯುವುದು ಒಳ್ಳೆಯದು. ಮುಂದಿನ ವಿವರಗಳು 1960ರ ಅಧಿನಿಯಮದಡಿಯ ಸಂಘಗಳಿಗೆ ಸಂಬಂಧಿಸಿರುತ್ತವೆ.

ಸಭೆ ಮತ್ತು ಠರಾವು

ಕಾರ್ಯಕಾರಿ ಸಮಿತಿಯು ತಾನೇ ನಿಯಮ ತಿದ್ದಲು ಬರುವುದಿಲ್ಲ. ಸಮಿತಿಯು ಕರಡು ಸಿದ್ಧಪಡಿಸಿ ಸರ್ವ ಸದಸ್ಯರ ಸಭೆಯ ಮುಂದಿಡತಕ್ಕದ್ದು. ನೋಟೀಸಿನ ಅವಧಿ, ಕೋರಂ ಹಾಗೂ ಬಹುಮತದ ಪ್ರಮಾಣಗಳನ್ನು ಅಧಿನಿಯಮದಲ್ಲಿಯೂ ಸಂಘದ ನೋಂದಾಯಿತ ನಿಯಮಗಳಲ್ಲಿಯೂ ನೋಡಿಕೊಂಡು, ಅವೆರಡಕ್ಕೂ ಹೊಂದುವಂತೆ ಸಭೆ ನಡೆಸತಕ್ಕದ್ದು. ನೋಟೀಸಿನಲ್ಲಿ “ಇತರೆ ವಿಷಯಗಳು” ಎಂದು ಬರೆದು ಸಭೆಯಲ್ಲಿ ಷೆಡ್ಡಿನ ವಿಷಯ ಎತ್ತಿಕೊಳ್ಳುವುದು ಸರಿಯಾದ ಕ್ರಮವಲ್ಲ. ಹಾಲಿ ನಿಯಮ, ಪ್ರಸ್ತಾಪಿತ ನಿಯಮ, ತಿದ್ದುಪಡಿಗೆ ಕಾರಣ ಎಂಬ ಮೂರು ಅಂಕಣಗಳ ತಖ್ತೆಯನ್ನು ನೋಟೀಸಿನೊಂದಿಗೇ ಪ್ರತಿಯೊಬ್ಬ ಸದಸ್ಯರಿಗೂ ಕಳುಹಿಸತಕ್ಕದ್ದು. ಬೆಂಗಳೂರು ನಗರದಲ್ಲಿಯೋ ಹೊರದೇಶದಲ್ಲಿಯೋ ವಾಸವಿದ್ದು ಇಲ್ಲಿ ಖಾಲಿ ನಿವೇಶನ ಹೊಂದಿರುವ ಸದಸ್ಯರನ್ನು ಮರೆಯುವಂತಿಲ್ಲ; ತಕರಾರು ಬರುವುದು ಹೆಚ್ಚಾಗಿ ನೋಟೀಸು ತಲುಪದವರಿಂದಲೇ.

ನಡವಳಿಯಲ್ಲಿ “ಸಭೆಯು ಅನುಮೋದಿಸಿತು” ಎಂದಷ್ಟೇ ಬರೆದರೆ ಸಾಲದು. ಒಟ್ಟು ಸದಸ್ಯರೆಷ್ಟು, ಹಾಜರಿದ್ದವರೆಷ್ಟು, ಪರವಾಗಿ ಎಷ್ಟು ಮತ, ವಿರೋಧವಾಗಿ ಎಷ್ಟು ಮತ ಎಂಬುದನ್ನು ಅಂಕಿಯಲ್ಲಿ ನಮೂದಿಸಿ, ತಿದ್ದುಪಡಿಯ ಪೂರ್ಣ ಪಾಠವನ್ನು ನಡವಳಿಯಲ್ಲಿಯೇ ಬರೆಯತಕ್ಕದ್ದು.

ನಿಯಮದಲ್ಲಿ ಏನಿರಬೇಕು

“ಹಿತ್ತಲಿನಲ್ಲಿ ಷೆಡ್ಡಿಗೆ ಅವಕಾಶವಿದೆ” ಎಂಬ ಒಂದು ಸಾಲಿನ ತಿದ್ದುಪಡಿಯು ಮುಂದೆ ಜಗಳಕ್ಕೆ ದಾರಿ ಮಾಡುತ್ತದೆ. ಈ ಜಿಲ್ಲೆಯ ಮಟ್ಟಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳ ಊರು. ಅಲ್ಲಿ ‘ಷೆಡ್ಡು’ ಎಂದೊಡನೆ ನೆನಪಾಗುವುದು ಮಗ್ಗದ ಷೆಡ್ಡು. ಮಗ್ಗ ನಡೆಸುವುದು ಗೌರವದ ಕಸುಬು. ಆದರೆ ಏಣಿ, ಗುದ್ದಲಿ ಇಡಲೆಂದು ನೆರೆಯವರು ಒಪ್ಪಿದ ಜಾಗದಲ್ಲಿ ಮಗ್ಗ ಸದ್ದು ಮಾಡಿದರೆ ಆ ಒಪ್ಪಿಗೆ ಉಳಿಯುವುದಿಲ್ಲ. ಕೈಗಾರಿಕಾ ಪ್ರದೇಶಗಳ ಸಮೀಪದ ಬಡಾವಣೆಗಳಲ್ಲಿ ಷೆಡ್ಡಿಗೊಂದು ಬಾಗಿಲು, ದೀಪ ಸೇರಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಆಸೆಯೂ ಹುಟ್ಟೀತು. ಆದುದರಿಂದ ಬಳಕೆಯ ಮಿತಿಯನ್ನು ಅಳತೆಯ ಮಿತಿಯಷ್ಟೇ ಸ್ಪಷ್ಟವಾಗಿ ಬರೆಯತಕ್ಕದ್ದು. ಮಾದರಿಗಾಗಿ ಈ ಕೆಳಗಿನ ಪಾಠವನ್ನು ನೀಡಿದೆ. ಖಾಲಿ ಬಿಟ್ಟಿರುವ ಅಳತೆಗಳನ್ನು ಸಂಘವು ಸ್ಥಳೀಯ ಸಂಸ್ಥೆಯ ನಿಯಮಗಳಿಗೆ ಒಳಪಟ್ಟು ತುಂಬಿಕೊಳ್ಳಬಹುದು.

“ನಿಯಮ ____: ಸದಸ್ಯರು ತಮ್ಮ ನಿವೇಶನದ ಹಿಂಭಾಗದಲ್ಲಿ, ಮಂಜೂರಾದ ನಕ್ಷೆಯಂತೆ ಬಿಡಬೇಕಾದ ತೆರೆದ ಜಾಗವನ್ನು ಒತ್ತದೆ, ____ ಚದರ ಅಡಿಗೆ ಮೀರದ ಹಾಗೂ ____ ಅಡಿಗಿಂತ ಎತ್ತರವಿಲ್ಲದ, ಒಂದೇ ಅಂತಸ್ತಿನ ಒಂದು ಸಾಮಾನು ಷೆಡ್ಡನ್ನು, ಸ್ಥಳೀಯ ಸಂಸ್ಥೆಯ ಅನುಮತಿ ಪತ್ರದ ಪ್ರತಿಯನ್ನು ಸಂಘಕ್ಕೆ ಸಲ್ಲಿಸಿದ ನಂತರ ನಿರ್ಮಿಸಬಹುದು. ಸದರಿ ಷೆಡ್ಡನ್ನು ಗೃಹೋಪಯೋಗಿ ಸಾಮಾನು ಇಡಲು ಮಾತ್ರ ಬಳಸತಕ್ಕದ್ದು. ವಾಸಕ್ಕಾಗಲಿ, ಬಾಡಿಗೆಗಾಗಲಿ, ಅಂಗಡಿ, ಮಗ್ಗ ಅಥವಾ ಯಾವುದೇ ಯಂತ್ರ ನಡೆಸಲಾಗಲಿ ಬಳಸತಕ್ಕದ್ದಲ್ಲ. ಛಾವಣಿಯ ಮಳೆ ನೀರು ತಮ್ಮ ನಿವೇಶನದಲ್ಲಿಯೇ ಬೀಳತಕ್ಕದ್ದು. ಪೆಟ್ರೋಲ್, ಅನಿಲ ಸಿಲಿಂಡರ್ ಹಾಗೂ ಪಟಾಕಿಗಳನ್ನು ಷೆಡ್ಡಿನಲ್ಲಿ ಇಡತಕ್ಕದ್ದಲ್ಲ.”

ಇದರ ಜೊತೆಗೆ ಒಳಚರಂಡಿ ಇಲ್ಲದ ಬಡಾವಣೆಗಳವರು ಒಂದು ಮಾತು ಗಮನಿಸಬೇಕು. ಅಲ್ಲಿ ಹಿತ್ತಲಿನಲ್ಲಿಯೇ ಶೌಚಗುಂಡಿ ಇರುವುದು ಸಾಮಾನ್ಯ. ಗುಂಡಿಯ ಮುಚ್ಚಳದ ಮೇಲೆ ಷೆಡ್ಡು ಬಂದರೆ ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ಪೈಪು ಇಳಿಸಲು ಷೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಸಂಪು ಹಾಗೂ ಮಳೆ ನೀರು ಇಂಗುಗುಂಡಿಯ ಮೇಲೂ ಹಾಗೆಯೇ. ಕಾಂಪೌಂಡ್ ಗೋಡೆಗೆ ತಾಗಿಸಿ ಹಾಕಿದ ತಗ್ಗು ಛಾವಣಿಯು ಕಳ್ಳರಿಗೆ ಮೆಟ್ಟಿಲಾದೀತೆಂದು ನೆರೆಯವರು ಹೇಳುವುದರಲ್ಲೂ ಅರ್ಥವಿದೆ. ಗೋಡೆಯಿಂದ ಎಷ್ಟು ಅಂತರ ಬಿಡಬೇಕೆಂಬುದನ್ನು ನಿಯಮದಲ್ಲಿ ಸೇರಿಸುವುದು ಲೇಸು.

ಪ್ರತಿ ಮನೆಗೆ ಷೆಡ್ಡು ಬೇಡ, ಉದ್ಯಾನದ ಮೂಲೆಯಲ್ಲಿಯೋ ನಾಗರಿಕ ಸೌಲಭ್ಯ ನಿವೇಶನದಲ್ಲಿಯೋ ಎಲ್ಲರಿಗೂ ಸೇರಿ ಒಂದು ಉಗ್ರಾಣ ಕಟ್ಟುತ್ತೇವೆ ಎಂಬ ಠರಾವು ಮಾಡತಕ್ಕದ್ದಲ್ಲ. ಆ ಜಾಗಗಳು ಬಡಾವಣೆಯ ಅನುಮೋದನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದವು. ಅವುಗಳ ಬಳಕೆಯನ್ನು ಬದಲಿಸುವ ಅಧಿಕಾರ ಸಂಘಕ್ಕಿಲ್ಲ.

ನೋಂದಣಿಗೆ ಸಲ್ಲಿಸುವ ದಾಖಲೆಗಳು

ಸಭೆ ಮುಗಿದ ನಂತರ ತಿದ್ದುಪಡಿಯನ್ನು ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ದಾಖಲಿಸತಕ್ಕದ್ದು. ಅರ್ಜಿಯೊಂದಿಗೆ ಸಂಘದ ನೋಂದಣಿ ಪ್ರಮಾಣಪತ್ರ ಹಾಗೂ ಹಾಲಿ ನಿಯಮಾವಳಿಯ ಪ್ರತಿ, ಸಭಾ ನೋಟೀಸು ಮತ್ತು ಅದು ತಲುಪಿದ್ದಕ್ಕೆ ಪುರಾವೆ, ಸಹಿಗಳಿರುವ ಹಾಜರಾತಿ, ದೃಢೀಕರಿಸಿದ ನಡವಳಿ, ಮೂರು ಅಂಕಣಗಳ ತಖ್ತೆ ಮತ್ತು ತಿದ್ದುಪಡಿ ಸೇರಿಸಿದ ಪೂರ್ಣ ನಿಯಮಾವಳಿಯನ್ನು ಸಿದ್ಧವಾಗಿಟ್ಟುಕೊಂಡು, ನಿಗದಿತ ಶುಲ್ಕವನ್ನು ಕಚೇರಿಯಲ್ಲಿ ವಿಚಾರಿಸಿ ಪಾವತಿಸತಕ್ಕದ್ದು. ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ. ಸಕಾಲ ಯೋಜನೆಯಡಿ ಸ್ವೀಕರಿಸಿದ ಅರ್ಜಿಗೆ 15 ಅಂಕಿಯ ಸಂಖ್ಯೆಯನ್ನು ನೀಡಲಾಗುತ್ತದೆ.

ಕಡತಗಳು ನಿಲ್ಲುವುದು ಸಾಮಾನ್ಯವಾಗಿ ಷೆಡ್ಡಿನ ಕಾರಣಕ್ಕಲ್ಲ. 13ನೇ ಪ್ರಕರಣದಂತೆ ಪ್ರತಿ ವರ್ಷ ಸಲ್ಲಿಸಬೇಕಾದ ಕಾರ್ಯಕಾರಿ ಸಮಿತಿಯ ಪಟ್ಟಿ ಹಾಗೂ ಲೆಕ್ಕಪರಿಶೋಧಿತ ಆಸ್ತಿ-ಜವಾಬ್ದಾರಿ ತಖ್ತೆಯನ್ನು ಸಂಘವು ಸಲ್ಲಿಸಿರುವುದಿಲ್ಲ. ಕಚೇರಿ ದಾಖಲೆಯಲ್ಲಿ ಹಳೆಯ ಅಧ್ಯಕ್ಷರ ಹೆಸರಿದ್ದು, ಅರ್ಜಿಗೆ ಬೇರೊಬ್ಬರು ಸಹಿ ಮಾಡಿದಲ್ಲಿ ಅವರ ಅಧಿಕಾರವನ್ನು ಪರಿಶೀಲಿಸಲು ಆಧಾರವೇ ಇರುವುದಿಲ್ಲ. ಆದುದರಿಂದ ಬಾಕಿ ವರ್ಷಗಳ ದಾಖಲೆಗಳನ್ನು ಮೊದಲು ಸರಿಪಡಿಸಿಕೊಂಡು ನಂತರ ತಿದ್ದುಪಡಿಯ ಸಭೆ ಕರೆಯುವುದು ಸಮಯ ಉಳಿಸುತ್ತದೆ.

ತಿದ್ದುಪಡಿ ದಾಖಲಾದ ನಂತರ ಷೆಡ್ಡು ಬೇಕಾದ ಸದಸ್ಯರು ಪ್ರತ್ಯೇಕವಾಗಿ, ತಮ್ಮ ಸ್ವತ್ತಿನ ಖಾತೆ, ತೆರಿಗೆ ರಸೀದಿ ಹಾಗೂ ನಕ್ಷೆಯೊಂದಿಗೆ ಪಂಚಾಯಿತಿ ಅಥವಾ ಪುರಸಭೆಗೆ ಅರ್ಜಿ ಸಲ್ಲಿಸತಕ್ಕದ್ದು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11ರಲ್ಲಿನ ಅಳತೆಯೂ ನಕ್ಷೆಯಲ್ಲಿನ ಅಳತೆಯೂ ಹೊಂದುತ್ತವೆಯೇ ಎಂದು ನೋಡಿಕೊಳ್ಳುವುದು.

ಆಕ್ಷೇಪಣೆಗಳು

ತಿದ್ದುಪಡಿಗೆ ವಿರೋಧವಿರುವ ಸದಸ್ಯರು ಸಭೆಯಲ್ಲಿಯೇ ತಮ್ಮ ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು ನಡವಳಿಯಲ್ಲಿ ದಾಖಲಿಸಲು ಕೋರಬಹುದು. ಸಂಘದ ರಚನೆ, ಕಾರ್ಯನಿರ್ವಹಣೆ ಅಥವಾ ಹಣಕಾಸಿನ ಸ್ಥಿತಿಯ ಬಗ್ಗೆ ಗಂಭೀರ ದೂರುಗಳಿದ್ದಲ್ಲಿ, ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದವರು ಸೇರಿ 25ನೇ ಪ್ರಕರಣದಡಿ ವಿಚಾರಣೆಗೆ ಅರ್ಜಿ ಸಲ್ಲಿಸಬಹುದು. ಷೆಡ್ಡು ಸೆಟ್‌ಬ್ಯಾಕ್ ಒತ್ತಿದೆ ಎಂಬ ದೂರನ್ನು ನೋಂದಣಾಧಿಕಾರಿಯವರಿಗೆ ಸಲ್ಲಿಸಿ ಪ್ರಯೋಜನವಿಲ್ಲ. ಅದನ್ನು ಸ್ಥಳೀಯ ಸಂಸ್ಥೆಗೆ ಸಲ್ಲಿಸತಕ್ಕದ್ದು.

ಈಗಾಗಲೇ ಹಾಕಿರುವ ಷೆಡ್‌ಗಳು

ತಿದ್ದುಪಡಿಗೆ ಮುಂಚೆ ಹಾಕಿದ ಷೆಡ್ಡುಗಳನ್ನು ಹೊಸ ನಿಯಮಕ್ಕೆ ಹೊಂದಿಸಿಕೊಳ್ಳಲು ಸಂಘವು ಕಾಲಾವಕಾಶ ನೀಡಬಹುದು. ಆದರೆ ಪರವಾನಗಿಯಿಲ್ಲದ ಅಥವಾ ಸೆಟ್‌ಬ್ಯಾಕ್ ಒತ್ತಿರುವ ಷೆಡ್ಡನ್ನು ಸಂಘವು ‘ಸಕ್ರಮ’ಗೊಳಿಸಲು ಬರುವುದಿಲ್ಲ. ನಗರ ಪ್ರದೇಶಗಳ ಅನಧಿಕೃತ ಕಟ್ಟಡಗಳಿಗೆ ಸಂಬಂಧಿಸಿದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತ್ತು ಎಂಬುದನ್ನು, ಮುಂದೆ ಹೇಗೂ ಸಕ್ರಮವಾಗುತ್ತದೆಂದು ಷೆಡ್ಡು ಹಾಕಲು ಹೊರಟವರು ನೆನಪಿನಲ್ಲಿಡತಕ್ಕದ್ದು. ಅಂತಹ ಷೆಡ್ಡಿರುವ ಮನೆಯನ್ನು ಕೊಳ್ಳುವವರು ಮಂಜೂರಾದ ನಕ್ಷೆಯನ್ನು ಕೇಳಿ ಪಡೆದು, ಹಿತ್ತಲನ್ನು ಟೇಪು ಹಿಡಿದು ಅಳೆದು ನೋಡಿದ ನಂತರವೇ ಮುಂಗಡ ಕೊಡುವುದು ಕ್ಷೇಮ.