ಸುಳಿಯಿಂದ ಗೆಲುವಿನ ಕಂಬಕ್ಕೆ: ಮುಂಬಯಿಯಲ್ಲಿ ಕುದುರೆಯ ತಳಿಲಕ್ಷಣ ಪರೀಕ್ಷೆಯ ಚರಿತ್ರೆ

ಪ್ರವೇಶಿಕೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ನಮ್ಮ ರೈತ ಮೊದಲು ಹಲ್ಲು ನೋಡುತ್ತಾನೆ. ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ತಿಳಿದ ಮೇಲೆ ಸುಳಿ ನೋಡುತ್ತಾನೆ. ಆಮೇಲೆ ಹಿಂದೆ ಸರಿದು ನಿಂತು, ನಾಲ್ಕು ಹೆಜ್ಜೆ ನಡೆಸಲು ಹೇಳುತ್ತಾನೆ. ವಯಸ್ಸು, ಗುರುತು, ಮೈಕಟ್ಟು, ನಡೆ ಎಂಬ ಈ ನಾಲ್ಕು ಪರೀಕ್ಷೆಗಳು ಕುದುರೆಗೂ ಸಲ್ಲುತ್ತವೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಈ ಬದಲಾವಣೆಯನ್ನು ಮುಂಬಯಿ ನಗರದ ಚರಿತ್ರೆಯಲ್ಲಿ ಗುರುತಿಸುವುದು ಈ ಲೇಖನದ ಉದ್ದೇಶ.

ಹೋಲಿಕೆಗೆ ಬ್ರಿಟನ್ನಿನ ವೇಲ್ಸ್ ನಾಡಿನ ಕಾಬ್ ಕುದುರೆಯನ್ನು ತೆಗೆದುಕೊಳ್ಳಬಹುದು. ಅಲ್ಲಿ 1901ರಲ್ಲಿ ವೆಲ್ಷ್ ಪೋನಿ ಅಂಡ್ ಕಾಬ್ ಸೊಸೈಟಿ ಹುಟ್ಟಿತು. ಮರುವರ್ಷವೇ ಅದರ ವಂಶಾವಳಿ ಪುಸ್ತಕದ ಮೊದಲ ಸಂಪುಟ ಹೊರಬಂತು. ಇಂದಿನ ವಿಂಗಡಣೆಯಲ್ಲಿ 13 ಹ್ಯಾಂಡ್ 2 ಇಂಚಿಗಿಂತ, ಅಂದರೆ ಸುಮಾರು 137 ಸೆಂಟಿಮೀಟರಿಗಿಂತ, ಎತ್ತರವಾದ ಕಾಬ್ 'ಡಿ' ವಿಭಾಗಕ್ಕೆ ಸೇರುತ್ತದೆ. ಪ್ರದರ್ಶನದ ಕಣದಲ್ಲಿ ತೀರ್ಪುಗಾರ ಅದರ ತಲೆ, ಹೆಗಲಿನ ಓರೆ, ಕಾಲಿನ ಮೂಳೆ ಮತ್ತು ಜೋರಾದ ದುಡುಕಿ ನಡೆಯನ್ನು ನೋಡುತ್ತಾನೆ. ಅವನ ಕಣ್ಣಿನ ಬೆನ್ನಿಗೆ ವಂಶಾವಳಿ ಇದೆ, ಲಿಖಿತ ಮಾನದಂಡವಿದೆ. ಕುದುರೆ ಸಾಕಿದವರು ಅದೇ ನಾಡಿನವರು, ಕಣದ ಸುತ್ತ ನಿಂತು ನೋಡುವವರೂ ಅವರೇ.

ಮುಂಬಯಿಯ ಕಥೆ ಇದಕ್ಕೆ ತಿರುಗುಮುರುಗು. ಇದು ಕುದುರೆ ಹುಟ್ಟಿಸಿದ ಊರಲ್ಲ, ಕುದುರೆಯನ್ನು ಆರಿಸಿದ ಊರು. ಹಡಗಿನಿಂದ ಇಳಿದ ಪ್ರಾಣಿಯ ತಾಯಿತಂದೆ ಯಾರೆಂಬುದು ಸಮುದ್ರದ ಆಚೆಗೇ ಉಳಿಯುತ್ತಿತ್ತು. ಕೊಳ್ಳುವವನಿಗೆ ತನ್ನ ಕಣ್ಣೊಂದೇ ಆಧಾರ. ಮುಂದೆ ಇದೇ ಊರಿನಲ್ಲಿ ವಂಶಾವಳಿಯ ಪುಸ್ತಕ ಬಂದಾಗ ಕಣ್ಣಿನ ಅಧಿಕಾರ ಕುಗ್ಗಿತು. ಈ ಎರಡು ಕಾಲಗಳ ನಡುವೆ ನೆರೆಯ ದಖ್ಖನ್ನಿನ ದೇಶಿ ತಟ್ಟು ಯಾರ ಲೆಕ್ಕಕ್ಕೂ ಸಿಗದೆ ಹೋಯಿತು.

ಶಾಸ್ತ್ರದ ಕಣ್ಣು

ಕುದುರೆಯ ಲಕ್ಷಣವನ್ನು ಬರೆದಿಡುವ ಪರಂಪರೆ ನಮ್ಮಲ್ಲಿ ಹಳೆಯದು. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವಶಾಸ್ತ್ರ ಕನ್ನಡ ನಾಡಿನ ಅರಮನೆಗಳಿಗೂ ಬಂತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ' ಕುದುರೆಗಳನ್ನು ಹುಟ್ಟಿದ ನಾಡಿನಿಂದ, ಬಣ್ಣದಿಂದ, ಮೈಮೇಲಿನ ಸುಳಿಗಳಿಂದ ವಿಂಗಡಿಸುತ್ತದೆ. ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲಿ ವಿನೋದಕ್ಕೂ ಅಲ್ಲಿ ಜಾಗವಿದೆ. ಆಟಕ್ಕೆ ಇಳಿಯುವ ಕುದುರೆ ಹೇಗೆ ತಿರುಗಬೇಕು, ಹೇಗೆ ನಿಲ್ಲಬೇಕು ಎಂಬುದನ್ನು ಬಲ್ಲ ಅರಸನಿಗೆ ಸುಳಿಯೊಂದೇ ಸಾಲದು ಎಂಬುದೂ ಗೊತ್ತಿತ್ತು. ಕನ್ನಡದಲ್ಲಿಯೂ ಅಶ್ವವೈದ್ಯದ ಗ್ರಂಥಗಳು ಹುಟ್ಟಿದವು. ಅಭಿನವಚಂದ್ರನ ಹೆಸರು ಅವುಗಳ ಜತೆ ಸೇರಿಬಂದಿದೆ.

ಈ ಪರಂಪರೆಯಲ್ಲಿ ಸುಳಿಗೆ, ಅಂದರೆ ಆವರ್ತಕ್ಕೆ, ದೊಡ್ಡ ಸ್ಥಾನ. ಕೊರಳಿನ ದೇವಮಣಿ ಎಂಬ ಸುಳಿ ಶುಭ, ಬೇರೆ ಕೆಲವು ಕಡೆಯ ಸುಳಿ ಒಡೆಯನಿಗೆ ಕೇಡು. ನಾಲ್ಕು ಕಾಲೂ ಮುಖವೂ ಬಿಳಿಯಾದ ಪಂಚಕಲ್ಯಾಣಿ ಕುದುರೆಗೆ ಇಂದಿಗೂ ನಮ್ಮ ಮಾತಿನಲ್ಲಿ ಗೌರವವಿದೆ. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ 1865ರಿಂದ 1875ರವರೆಗೆ ಕಲಿಸಿದ ಜಾನ್ ಲಾಕ್‌ವುಡ್ ಕಿಪ್ಲಿಂಗ್ 1891ರಲ್ಲಿ ಪ್ರಕಟಿಸಿದ 'ಬೀಸ್ಟ್ ಅಂಡ್ ಮ್ಯಾನ್ ಇನ್ ಇಂಡಿಯಾ' ಪುಸ್ತಕ ಭಾರತೀಯ ಕೊಳ್ಳುಗರ ಈ ಸುಳಿನೋಟವನ್ನು ದಾಖಲಿಸಿದೆ. ಯುರೋಪಿಯನ್ನರು ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿದರು. ಸುಳಿಯಿಂದ ಕುದುರೆಯ ಓಟವಾಗಲಿ ಒಡೆಯನ ಭಾಗ್ಯವಾಗಲಿ ತಿಳಿಯುವುದಿಲ್ಲ ಎಂಬುದು ನಿಜ. ಆದರೆ ಒಂದು ಕುದುರೆಯ ಸುಳಿಯಂತೆ ಇನ್ನೊಂದರ ಸುಳಿ ಇರುವುದಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ಅದು ಅಳಿಯುವುದೂ ಇಲ್ಲ. ಇಂದಿನ ಕುದುರೆಗಳ ಗುರುತಿನ ಪತ್ರದಲ್ಲಿ ಸುಳಿಗಳನ್ನು ಗುರುತು ಹಾಕುವುದು ಈ ಕಾರಣಕ್ಕೇ. ಫಲ ಹೇಳಿದ್ದು ತಪ್ಪಾದರೂ ನಮ್ಮ ಶಾಸ್ತ್ರಕಾರರು ನೋಡಿದ್ದು ಸರಿಯಾಗಿಯೇ ಇತ್ತು.

ಠಾಣೆಯಿಂದ ಭೇಂಡಿ ಬಜಾರಿಗೆ

ಮುಂಬಯಿ ದ್ವೀಪಗಳು ನಗರವಾಗುವ ಮೊದಲೇ ಈ ಕರಾವಳಿಗೆ ಕುದುರೆ ಬರುತ್ತಿತ್ತು. 13ನೆಯ ಶತಮಾನದ ಕೊನೆಯಲ್ಲಿ ಈ ತೀರದ ವಿಷಯ ಬರೆದ ಮಾರ್ಕೊ ಪೋಲೋ ಠಾಣೆಯ ಅರಸನಿಗೂ ಕಡಲ್ಗಳ್ಳರಿಗೂ ಇದ್ದ ಒಪ್ಪಂದವನ್ನು ಹೇಳುತ್ತಾನೆ: ಸುಲಿದ ಹಡಗಿನ ಉಳಿದ ಸರಕೆಲ್ಲ ಕಳ್ಳರಿಗೆ, ಕುದುರೆಗಳು ಮಾತ್ರ ಅರಸನಿಗೆ. ಕುದುರೆಗಾಗಿ ಇದ್ದ ಹಸಿವು ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವಿಜಯನಗರದ ಮಾತನ್ನು ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸ ವರ್ಷಕ್ಕೆ ಹೊರ್ಮುಜ್ ಮತ್ತು ದೇಶಿ ಕುದುರೆಗಳು ಸೇರಿ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಹೇಳುತ್ತಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಬೇರೆ ಬಂದರಿಗೆ ತಿರುಗಿಕೊಳ್ಳಬಾರದು ಎಂಬ ಆತಂಕದ ಮುಂದೆ ಲಕ್ಷಣ ಪರೀಕ್ಷೆ ಹಿಂದೆ ಸರಿದಿತ್ತು.

19ನೆಯ ಶತಮಾನದಲ್ಲಿ ಈ ವ್ಯಾಪಾರದ ಮುಖ್ಯ ಬಾಗಿಲು ಮುಂಬಯಿಯಾಯಿತು. ಬಸ್ರಾ, ಕುವೈತ್ ಮತ್ತು ಪರ್ಷಿಯನ್ ಕೊಲ್ಲಿಯ ಇತರ ಬಂದರುಗಳಿಂದ ಹಾಯಿಹಡಗುಗಳಲ್ಲಿ ಬಂದ ಕುದುರೆಗಳು ಭೇಂಡಿ ಬಜಾರ್ ಮತ್ತು ಭಾಯಖಳದ ಅರಬ್ ಲಾಯಗಳಲ್ಲಿ ಸೇರುತ್ತಿದ್ದವು. ಸೈನ್ಯಾಧಿಕಾರಿಗಳು, ಸಂಸ್ಥಾನಗಳ ಅರಸರು, ಪಂದ್ಯದ ಹುಚ್ಚಿನವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಇದೇ ಕೊಲ್ಲಿಯ ವ್ಯಾಪಾರದ ಇನ್ನೊಂದು ಕೊಂಡಿ ನಮ್ಮ ಬೆಂಗಳೂರಿನಲ್ಲಿತ್ತು. ಶಿರಾಜಿನ ಆಗಾ ಅಲಿ ಅಸ್ಕರ್ 1824ರಲ್ಲಿ, ಇನ್ನೂ ಹದಿಹರೆಯದಲ್ಲಿ, ಕುದುರೆಗಳ ಹಿಂಡಿನೊಡನೆ ಬೆಂಗಳೂರಿಗೆ ಬಂದು ನೆಲೆಸಿದ. ದಂಡಿನ ಅಧಿಕಾರಿಗಳಿಗೂ ಮೈಸೂರು ಅರಮನೆಗೂ ಕುದುರೆ ಒದಗಿಸಿದ. ಅವನ ಮೊಮ್ಮಗನೇ ಮುಂದೆ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್.

ವ್ಯಾಪಾರಿಯ ಕಣ್ಣು

ಮುಂಬಯಿಯ ಲಾಯದಲ್ಲಿ ಕೊಳ್ಳುಗನು ಕೇಳಬೇಕಾಗಿದ್ದ ಮೊದಲ ಪ್ರಶ್ನೆ ತಳಿಯದು: ಇದು ನಿಜವಾದ ಅರಬ್ಬೀಯೋ, ಅಲ್ಲವೋ? ಕೊಲ್ಲಿಯ ಆಸುಪಾಸಿನಲ್ಲಿ ಪರ್ಷಿಯನ್ ರಕ್ತ ಬೆರೆತು ಹುಟ್ಟಿದ ಕುದುರೆಗಳೂ ಅದೇ ಹಡಗಿನಲ್ಲಿ ಬರುತ್ತಿದ್ದವು. ಇವುಗಳಿಗೆ ಇಲ್ಲಿಯ ಪೇಟೆಯಲ್ಲಿ 'ಗಲ್ಫ್ ಅರಬ್' ಎಂದು ಹೆಸರು. ಎತ್ತರ ಹೆಚ್ಚು, ಮೈ ಒರಟು. ಬಾಗ್ದಾದಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ವಿಲಿಯಂ ಟ್ವೀಡಿ 1894ರಲ್ಲಿ ಪ್ರಕಟಿಸಿದ 'ದಿ ಅರೇಬಿಯನ್ ಹಾರ್ಸ್' ಗ್ರಂಥ ಈ ಬೆರಕೆಯನ್ನು ಚರ್ಚಿಸುತ್ತದೆ.

ಆಗ ತಳಿಯನ್ನು ಹೇಳಬೇಕಾದದ್ದು ಮೈಯೇ. ಅಗಲ ಹಣೆ, ಮೂತಿಯ ಕಡೆಗೆ ಕಿರಿದಾಗುವ ಮುಖ, ಹೊರಚಾಚಿದ ದೊಡ್ಡ ಕಣ್ಣು, ಅರಳುವ ಮೂಗಿನ ಹೊಳ್ಳೆ, ಗಿಡ್ಡ ಬೆನ್ನು, ಓಡುವಾಗ ಎತ್ತಿ ಹಿಡಿದ ಬಾಲ ಇವು ಅರಬ್ಬೀ ತಳಿಯ ಗುರುತು. ತಳಿ ಒಪ್ಪಿಗೆಯಾದ ಮೇಲೆ ಮೈಕಟ್ಟು. ಹೆಗಲ ಮೂಳೆ ಓರೆಯಾಗಿದ್ದರೆ ಹೆಜ್ಜೆ ಉದ್ದ, ನೆಟ್ಟಗಿದ್ದರೆ ಸವಾರನ ಬೆನ್ನಿಗೆ ಕುಲುಕು. ಎದೆಗೂಡು ಆಳವಾಗಿದ್ದರೆ ಉಸಿರಿಗೆ ಜಾಗ. ಗೊರಸಿನ ಮೇಲಿನ ಗೆಣ್ಣು ತೀರ ನೆಟ್ಟಗಿದ್ದರೆ ನೆಲದ ಪೆಟ್ಟು ಕಾಲಿಗೇರುತ್ತದೆ, ತೀರ ಇಳಿಜಾರಾದರೆ ಸ್ನಾಯುರಜ್ಜು ಸೋಲುತ್ತದೆ. ಹಿಂಗಾಲಿನ ಮಂಡಿ ದೇಹವನ್ನು ಮುಂದೆ ತಳ್ಳುವ ಸನ್ನೆಕೋಲು. ಅಲ್ಲಿ ಊತವಿದ್ದರೆ ಬೆಲೆ ಬಿತ್ತು. ಹಲ್ಲು ವಯಸ್ಸು ಹೇಳುತ್ತದೆ, ಕುದುರೆ ಬಾಯಿಗೂಡುವುದು ಸುಮಾರು ಐದನೆಯ ವರ್ಷದಲ್ಲಿ. ಕುಮೈತ್, ಸುರಂಗ್, ಮುಷ್ಕಿ, ಸಬ್ಜಾ ಎಂಬ ಬಣ್ಣದ ಮಾತುಗಳು ವ್ಯಾಪಾರಿ, ಕುದುರೆ ನೋಡಿಕೊಳ್ಳುವ ಸಾಯಿಸ, ಸಾಹೇಬ ಎಲ್ಲರ ನಾಲಿಗೆಯಲ್ಲೂ ಇದ್ದವು.

ಇದರ ಮೇಲೆ ಎತ್ತರದ ಅಳತೆ ಸೇರಿತು. ಚಿಕ್ಕ ಕುದುರೆಗಳ ಪಂದ್ಯಗಳಲ್ಲಿ ಹೊರುವ ಭಾರ ಎತ್ತರಕ್ಕೆ ತಕ್ಕಂತೆ ನಿಗದಿಯಾಗುತ್ತಿತ್ತು. ಪೋಲೋ ಕುದುರೆಗೂ ಎತ್ತರದ ಮಿತಿಯಿತ್ತು. ಅರ್ಧ ಇಂಚು ಕೂಡ ಹಣವಾಯಿತು. ಲಕ್ಷಣ ಶಾಸ್ತ್ರದೊಳಕ್ಕೆ ಅಳತೆಗೋಲು ಬಂದದ್ದು ಹೀಗೆ.

ಈ ಕಣ್ಣು ಎಷ್ಟು ನಂಬಿಕೆಗೆ ಅರ್ಹವಾಗಿತ್ತು? ಒಂದು ಉದಾಹರಣೆ ಸಾಕು. 1877ರಲ್ಲಿ ಮುಂಬಯಿಯ ವ್ಯಾಪಾರಿ ಅಬ್ದುಲ್ ರಹಮಾನನಿಂದ ಫ್ರೆಡರಿಕ್ ರಾಬರ್ಟ್ಸ್ ಎಂಬ ಸೇನಾಧಿಕಾರಿ ಬೂದುಬಣ್ಣದ ಅರಬ್ಬೀ ಕುದುರೆಯೊಂದನ್ನು ಕೊಂಡ. ಅದರ ಹೆಸರು ವೊನೊಲೆಲ್. 1880ರ ಕಾಬೂಲ್–ಕಂದಹಾರ್ ದಂಡಯಾತ್ರೆಯಲ್ಲಿ ಅದು ಅವನ ಜತೆಗಿತ್ತು. ರಾಣಿ ವಿಕ್ಟೋರಿಯಾ ಅದಕ್ಕೆ ಯುದ್ಧಪದಕ ಕೊಟ್ಟಳು. 1897ರಲ್ಲಿ ಲಂಡನ್ನಿನ ವಜ್ರಮಹೋತ್ಸವದ ಮೆರವಣಿಗೆಯಲ್ಲೂ ರಾಬರ್ಟ್ಸ್ ಅದನ್ನೇ ಏರಿದ್ದ. 1899ರಲ್ಲಿ ಡಬ್ಲಿನ್ನಿನಲ್ಲಿ ಸತ್ತಾಗ ಕಿಲ್ಮೇನಂನ ರಾಯಲ್ ಹಾಸ್ಪಿಟಲ್ ಆವರಣದಲ್ಲಿ ಅದನ್ನು ಹೂಳಲಾಯಿತು. ವಂಶಾವಳಿಯ ಪುಸ್ತಕವಿಲ್ಲದೆ ಮುಂಬಯಿಯ ಲಾಯದಲ್ಲಿ ಆರಿಸಿದ ಕುದುರೆ 22 ವರ್ಷ ಒಬ್ಬನೇ ಒಡೆಯನ ಜತೆ ಬಾಳಿತು.

ಬೀದಿಯ ಕುದುರೆ, ಪರೇಲಿನ ವಿದ್ಯೆ

ಯುದ್ಧ ಮತ್ತು ಪಂದ್ಯದ ಆಚೆಗೆ ದುಡಿಮೆಯ ಕುದುರೆಯೂ ಇತ್ತು. 1874ರ ಮೇ 9ರಂದು ಕೊಲಾಬದಿಂದ ಪಾಯಧೋಣಿಗೆ ಕುದುರೆ ಎಳೆಯುವ ಟ್ರಾಮ್ ಹೊರಟಿತು. ಟ್ರಾಮ್ ಕಂಪನಿಯ ಲಾಯದಲ್ಲಿ ನೂರಾರು ಕುದುರೆಗಳಿದ್ದವು. ಹಳಿಯ ಮೇಲೆ ನಿಂತ ಬಂಡಿಯನ್ನು ಮತ್ತೆ ಮತ್ತೆ ಕದಲಿಸಬೇಕಾದ ಪ್ರಾಣಿಗೆ ತಲೆಯ ಚೆಲುವು ಬೇಡ. ಗಟ್ಟಿ ಗೊರಸು, ದಪ್ಪ ಕಾಲು, ಬಲವಾದ ಹಿಂಭಾಗ ಬೇಕು. ಭೇಂಡಿ ಬಜಾರಿನಲ್ಲಿ ಮೆಚ್ಚುಗೆಯಾದ ಕುದುರೆ ಟ್ರಾಮಿಗೆ ಸಲ್ಲದು, ಟ್ರಾಮಿನದು ಪೋಲೋ ಕಣಕ್ಕೆ ಸಲ್ಲದು. ಒಳ್ಳೆಯ ಲಕ್ಷಣ ಯಾವುದು ಎಂಬುದನ್ನು ಕೆಲಸ ತೀರ್ಮಾನಿಸುತ್ತದೆ ಎಂಬ ಮಾತು ಮುಂಬಯಿಯ ಬೀದಿಯಲ್ಲೇ ಸ್ಪಷ್ಟವಾಯಿತು.

ದುಡಿದು ಕುಂಟಾದ ಪ್ರಾಣಿಗಳಿಗಾಗಿ 1883ರಲ್ಲಿ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ ಸ್ಥಾಪನೆಯಾಯಿತು. 1886ರಲ್ಲಿ ಅಲ್ಲಿಯೇ ಬಾಂಬೆ ವೆಟರ್ನರಿ ಕಾಲೇಜು ಆರಂಭವಾಯಿತು. ಸಾಯಿಸನ ಕಣ್ಣು ಕಂಡದ್ದಕ್ಕೆ ಅಂಗರಚನಾಶಾಸ್ತ್ರ ಕಾರಣ ಹೇಳತೊಡಗಿತು. ಆದರೆ ಸಾಯಿಸನ ಮಾತುಗಳನ್ನು ಯಾರೂ ಬರೆದುಕೊಳ್ಳಲಿಲ್ಲ. 1905ರಲ್ಲಿ ಕುದುರೆ ಟ್ರಾಮ್ ನಿಂತಿತು, 1907ರಲ್ಲಿ ವಿದ್ಯುತ್ ಟ್ರಾಮ್ ಬಂತು. ಉಳಿದಿದ್ದ ವಿಕ್ಟೋರಿಯಾ ಎಂಬ ಕುದುರೆಗಾಡಿಗಳನ್ನು ನಿಲ್ಲಿಸಲು ಬಾಂಬೆ ಹೈಕೋರ್ಟ್ 2015ರಲ್ಲಿ ಆದೇಶಿಸಿತು. ಪ್ರಾಣಿಹಿಂಸೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಪು. ಅದರೊಂದಿಗೆ ಒಂದು ತಿಳಿವಳಿಕೆಯ ಪರಂಪರೆಯೂ ಕಳಚಿಹೋಯಿತು.

ಗೆಲುವಿನ ಕಂಬ

ಮುಂಬಯಿಯ ಪಂದ್ಯಗಳು ಮೊದಲು ಭಾಯಖಳದ ಬಯಲಿನಲ್ಲಿ ನಡೆದು 1883ರಲ್ಲಿ ಮಹಾಲಕ್ಷ್ಮಿಗೆ ಬಂದವು. ಬಹುಕಾಲ ಅರಬ್ಬೀ ಕುದುರೆಗಳಿಗೆ ಇಲ್ಲಿ ಪ್ರತ್ಯೇಕ ಪಂದ್ಯಗಳಿದ್ದವು. ಕ್ರಮೇಣ ಇಂಗ್ಲೆಂಡಿನ ಥರೋಬ್ರೆಡ್ ತಳಿ ಕಣವನ್ನು ಪೂರ್ತಿಯಾಗಿ ಆಕ್ರಮಿಸಿತು. 1943ರ ಮೊದಲ ಇಂಡಿಯನ್ ಡರ್ಬಿಯನ್ನು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ ಗೆದ್ದಿತು.

ಥರೋಬ್ರೆಡ್ ಎಂದು ಕರೆಸಿಕೊಳ್ಳಲು ಮೈಲಕ್ಷಣ ಬೇಕಿಲ್ಲ. ತಾಯಿತಂದೆ ಇಬ್ಬರೂ ವಂಶಾವಳಿ ಪುಸ್ತಕದಲ್ಲಿರಬೇಕು. ಒಳ್ಳೆಯದೋ ಕೆಟ್ಟದೋ ಎಂಬುದನ್ನು ಗೆಲುವಿನ ಕಂಬ ಹೇಳುತ್ತದೆ. ಭಾರತದ ಥರೋಬ್ರೆಡ್‌ಗಳ ವಂಶಾವಳಿಯ ಹೊಣೆ ಮಹಾಲಕ್ಷ್ಮಿಯ ಪಂದ್ಯ ನಡೆಸುವ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬಿನದೇ. ಮರಿ ಕುದುರೆ ಕೊಳ್ಳುವಾಗ ತಜ್ಞರು ಕಾಲು, ಹೆಗಲು ನೋಡುವುದು ಇಂದಿಗೂ ಇದೆ, ಆದರೆ ಅದು ಮುನ್ನೋಟ ಮಾತ್ರ, ತೀರ್ಪಲ್ಲ. ವೆಲ್ಷ್ ಕಾಬ್ ಪ್ರದರ್ಶನದಲ್ಲಿ ಕಣ್ಣೇ ತೀರ್ಪು, ಇಲ್ಲಿ ಕಾಲವೇ ತೀರ್ಪು. ನಮ್ಮ ಕುಣಿಗಲ್ ಫಾರ್ಮಿನ ಚರಿತ್ರೆಯೂ ಇದೇ ದಾರಿಯದು: ಮೈಸೂರು ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ ಕೊನೆಗೆ ಪಂದ್ಯದ ಥರೋಬ್ರೆಡ್‌ಗಳ ಮನೆಯಾಯಿತು.

ಭೀಮಾ ತೀರದ ತಟ್ಟು

ಮುಂಬಯಿಯ ಬೆನ್ನಿಗೇ, ಸಹ್ಯಾದ್ರಿಯ ಆಚೆ, ಭೀಮಾ ಮತ್ತು ನೀರಾ ನದಿಗಳ ಕಣಿವೆಯಲ್ಲಿ ಒಂದು ದೇಶಿ ತಳಿ ಬೆಳೆದಿತ್ತು. ಮರಾಠಾ ಅಶ್ವದಳದ ಕೀರ್ತಿ ಈ ಭೀಮಥಡಿ ತಟ್ಟುಗಳ ಬೆನ್ನ ಮೇಲಿನದು. ಗಿಡ್ಡ ಮೈ, ಗಟ್ಟಿ ಗೊರಸು, ಕಡಿಮೆ ಮೇವಿನಲ್ಲಿ ದೂರ ನಡೆಯುವ ಶಕ್ತಿ ಅದರ ಗುಣ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಅಶ್ವದಳದ ಬೇಡಿಕೆ ಹೋಯಿತು. ಮುಂಬಯಿಯ ಲಾಯಗಳು ಅರಬ್ಬೀಯನ್ನು, ಆಮೇಲೆ ಆಸ್ಟ್ರೇಲಿಯಾದ ವೇಲರ್ ಕುದುರೆಯನ್ನು ಅಳತೆಗೋಲಾಗಿ ಮಾಡಿಕೊಂಡವು. ಆ ಅಳತೆಯಲ್ಲಿ ತಟ್ಟು ಕುಳ್ಳಾಗಿ ಕಂಡಿತು. ವಸಾಹತು ಸರ್ಕಾರ ಅದನ್ನು ಹೊರಗಿನ ಬೀಜದ ಕುದುರೆಯಿಂದ 'ಸುಧಾರಿಸಲು' ಹೊರಟಿತೇ ಹೊರತು ಅದರದೇ ಲಕ್ಷಣವನ್ನು ಕಾಪಾಡಲು ಯೋಚಿಸಲಿಲ್ಲ.

ತಳಿ ಉಳಿದದ್ದು ಕುರಿಹಿಂಡಿನ ಹಿಂದೆ ಊರೂರು ಅಲೆಯುವ ಧನಗರರಿಂದ. ಮಳೆಯನ್ನು ನೋಡಿ ಹೊರಡುವ ಅವರ ಬಿಡಾರ, ಮಕ್ಕಳು, ಮರಿಗಳು ಈ ತಟ್ಟುಗಳ ಬೆನ್ನ ಮೇಲೆ ಸಾಗುತ್ತವೆ. ಯಾವ ತಟ್ಟು ಹೊರೆ ತಡೆದೀತು, ಯಾವುದು ಹೊಳೆ ದಾಟೀತು ಎಂಬುದು ಅವರಿಗೆ ನೋಟದಲ್ಲೇ ಗೊತ್ತು. ಈ ದಶಕದಲ್ಲಿ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ಭೀಮಥಡಿಯನ್ನು ಪ್ರತ್ಯೇಕ ಕುದುರೆ ತಳಿಯಾಗಿ ನೋಂದಾಯಿಸಿತು. ಮಾರವಾರಿ, ಕಾಠಿಯಾವಾಡಿ, ಮಣಿಪುರಿ ಮೊದಲಾದವುಗಳ ಸಾಲಿನಲ್ಲಿ ದಖ್ಖನ್ನಿನ ಕುದುರೆಗೂ ಹೆಸರು ಸಿಕ್ಕಿತು.

ಉಪಸಂಹಾರ

ಕಾಲಾಘೋಡಾ, ಅಂದರೆ ಕಪ್ಪು ಕುದುರೆ, ಎಂಬ ಬಡಾವಣೆಯ ಹೆಸರಿನಲ್ಲೇ ಮುಂಬಯಿಗರು ಒಂದು ಸಂಗತಿ ಹೇಳಿಟ್ಟಿದ್ದಾರೆ. ಆ ಹೆಸರಿಗೆ ಕಾರಣವಾದ, ಆಲ್ಬರ್ಟ್ ಸಸೂನ್ 1879ರಲ್ಲಿ ನಗರಕ್ಕೆ ಕೊಟ್ಟ ಪ್ರತಿಮೆ ಕುದುರೆಯೇರಿದ ಯುವರಾಜ ಎಡ್ವರ್ಡನದು. ಜನ ಹೆಸರಿಟ್ಟದ್ದು ಕುದುರೆಗೆ. 1965ರಲ್ಲಿ ಪ್ರತಿಮೆ ಭಾಯಖಳದ ಉದ್ಯಾನಕ್ಕೆ ಹೋಯಿತು. 2017ರಲ್ಲಿ ಅದೇ ಬಡಾವಣೆಯಲ್ಲಿ ಹೊಸ ಕುದುರೆ ನಿಂತಾಗ ಅದರ ಮೇಲೆ ಸವಾರನಿರಲಿಲ್ಲ.

ನಮ್ಮ ಅಶ್ವಲಕ್ಷಣದ ಚರಿತ್ರೆಯಲ್ಲಿ ಇದುವರೆಗೆ ತೀರ್ಪು ಕೊಟ್ಟವರೆಲ್ಲ ಸವಾರರೇ. ಅರಸ, ಸೇನಾಪತಿ, ಪಂದ್ಯದ ಒಡೆಯ ತಮ್ಮ ತಮ್ಮ ಅಗತ್ಯವನ್ನೇ ಕುದುರೆಯ ಲಕ್ಷಣವೆಂದು ಬರೆದರು. ಭೀಮಥಡಿಗೆ ಈಗ ಹೆಸರು ಬಂದಿದೆ. ಪ್ರದರ್ಶನದ ಕಣವೂ ತೀರ್ಪುಗಾರರೂ ಬರಬಹುದು. ಅರಬ್ಬೀಯ ತಲೆಯನ್ನೋ ಥರೋಬ್ರೆಡ್ಡಿನ ಕಾಲನ್ನೋ ಅದರಲ್ಲಿ ಹುಡುಕಿದರೆ ಎರಡೇ ಮೂರೇ ಪೀಳಿಗೆಯಲ್ಲಿ ತಳಿ ಮತ್ತೆ ಬೆರಕೆಯಾಗುತ್ತದೆ. ಭೀಮೆ ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲೂ ಹರಿಯುವ ನದಿ. ಅದರ ದಂಡೆಯ ಕುರುಬರ, ಧನಗರರ ಬಾಯಲ್ಲಿ ಕುದುರೆಯ ಅಂಗಾಂಗ, ಸುಳಿ, ಬಣ್ಣ, ನಡೆಗಳ ಮಾತು ಇನ್ನೂ ಉಳಿದಿರುವಾಗಲೇ ಅದನ್ನು ಬರೆದಿಡಬೇಕು. ಕನ್ನಡದ ಅಶ್ವಶಾಸ್ತ್ರ ಗ್ರಂಥಗಳ ಜತೆ ಇಟ್ಟು ಓದಬೇಕು. ಆ ಕೆಲಸಕ್ಕೆ ಮುಂಬಯಿಯ, ಕರ್ನಾಟಕದ ಕನ್ನಡ ಸಂಶೋಧಕರು ಪಶುವೈದ್ಯರನ್ನು ಜತೆಗೂಡಿಸಿಕೊಂಡು ಮುಂದಾಗಬೇಕೆಂದು ಈ ಲೇಖನದ ಮೂಲಕ ಕೋರುತ್ತೇನೆ.