ಟೇಲರ್ ಅಂತ ಕೂಸಿನ ಹೆಸರು

ಅಮೆರಿಕಾದಾಗ ಹೆಣ್ಣುಕೂಸಿಗೆ ‘ಟೇಲರ್’ ಅಂತ ಹೆಸರಿಡತಾರ ಅಂದ್ರ ನಮಗ ನಗು ಬರ್ತದ. ನಮ್ಮ ಕಿವಿಗೆ ಮಷೀನು, ಟೇಪು, ಬ್ಲೌಸಿನ ಅಳತಿನೇ ಬರೋದು. ಖರೇ ನೋಡಿದ್ರ ಆ ಶಬ್ದದೊಳಗ ಹೊಲಿಗಿನೇ ಇಲ್ರೀ! ಹಳೇ ಫ್ರೆಂಚಿನೊಳಗ ‘ಕತ್ತರಸೋದು’ ಅನ್ನೋ ಮಾತಿನಿಂದ ಹುಟ್ಟಿದ್ದದು. ಹೊಲಿಗಿ ಬಲ್ಲ ವೈನಿಗಳಿಗೆ ಗೊತ್ತದ, ಅರಿವಿ ಕತ್ತರಸೋದೇ ದೊಡ್ಡ ಕಸಬು.

1066ರಾಗ ನಾರ್ಮನ್ನರು ಇಂಗ್ಲಂಡ್ ಗೆದ್ದರು, ಅವರ ಜೋಡಿ ಈ ಶಬ್ದನೂ ಬಂತು. ಮೊದಲು ಕಸಬಿನ ಗುರುತು, ಆಮ್ಯಾಲೆ ಮನೆತನದ ಅಡ್ಡಹೆಸರು, ನಮ್ಮ ಬಡಿಗೇರ, ಪತ್ತಾರ, ಕಂಬಾರ ಇದ್ದಂಗ.

ಅದು ತೊಟ್ಟಿಲಿಗೆ ಬಂದ ದಾರಿ ನನಗ ಭಾಳ ಸೇರತದ. ಅಮೆರಿಕಾದ ದಕ್ಷಿಣ ಭಾಗದಾಗ ತಾಯಿಯ ತವರಿನ ಅಡ್ಡಹೆಸರನ್ನ ಕೂಸಿಗೆ ಹೆಸರಾಗಿ ಇಡೋ ಪದ್ಧತಿ ಇತ್ತು. ಇಂಥಾ ಹೆಸರು ಮೊದಲು ಗಂಡುಹುಡುಗರಿಗೇ ಹೆಚ್ಚು. ‘ಟೇಲರ್’ 1980ರ ದಶಕದಿಂದ ಹೆಣ್ಣುಕೂಸುಗಳಿಗೂ ಬಂತು. 1989ರಾಗ ಹುಟ್ಟಿದ ಟೇಲರ್ ಸ್ವಿಫ್ಟ್‌ಗೆ ಹಾಡುಗಾರ ಜೇಮ್ಸ್ ಟೇಲರ್ ಅವರ ಅಡ್ಡಹೆಸರೇ ಹೆಸರಾತು. ಆಕಿಯಿಂದ ಈ ಹೆಸರು ಹಬ್ಬಿತು ಅನ್ಕೋಬ್ಯಾಡ್ರಿ. ಆಕಿ ಇನ್ನೂ ಸಣ್ಣಾಕಿದ್ದಾಗ, 1996ರಾಗನೇ, ಅಲ್ಲಿ ಹೆಣ್ಣುಕೂಸಿನ ಹೆಸರುಗಳೊಳಗ ಇದು 6ನೇದಿತ್ತು.

ನಮ್ಮಲ್ಲಿ ಕೂಸಿಗೆ ‘ಪತ್ತಾರ’ ಅಂತ ಯಾರೂ ಕರಿಯಂಗಿಲ್ಲ. ಕೇಳಿದವರು ಮೊದಲು ಜಾತಿನೇ ಹುಡುಕತಾರ. ಅಲ್ಲಿ ಕಸಬಿನ ನೆನಪು ಹೋಗೇದ, ಹಂಗಾಗಿ ಹೆಸರು ಹಗುರ ಆಗೇದ.

ಇನ್ನ ತವರಿನ ಹೆಸರು? ನಮ್ಮ ಕಡೆ ಎಷ್ಟೋ ಮನೆಗಳೊಳಗ ಲಗ್ನದಾಗ ಅಕ್ಕಿಯೊಳಗ ಉಂಗುರದಿಂದ ಹೊಸಾ ಹೆಸರು ಬರೀತಿದ್ರು. ಅಡ್ಡಹೆಸರಿನ ಜೋಡಿ ಹುಟ್ಟುಹೆಸರೂ ಹೋಗ್ತಿತ್ತು. ಈಗ ಅವ್ವನ ತವರಿನ ಅಡ್ಡಹೆಸರು ನಮ್ಮ ಬಾಯಾಗ ಬರೋದು ಬ್ಯಾಂಕಿನ ಅರ್ಜಿ ತುಂಬುವಾಗಷ್ಟೇ.