ಕರಿಕೋಟು ಹಾಕಿದ ಮೇಲೂ ಓದು ಮುಗಿಯಲ್ಲ
ಮಂಡ್ಯ, ಮದ್ದೂರು, ಮಳವಳ್ಳಿ ಕೋರ್ಟುಗಳಲ್ಲಿ ಒಬ್ಬರೇ ವಕೀಲರು ಜಮೀನು ಪಾಲು, ಚೆಕ್ ಬೌನ್ಸ್, ಜಾಮೀನು ಎಲ್ಲಾ ನೋಡೋದು ಅಪರೂಪವೇನಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೇ ಸೆಕ್ಷನ್ನೇ. ನಂಬರ್ ಬಾಯಿಪಾಠ ಮಾಡಬಹುದು ಬಿಡಿ. ಕಷ್ಟ ಇರೋದು ಸಾಕ್ಷ್ಯದಲ್ಲಿ. ಬದುವಿನ ಜಗಳದ ಮೊಬೈಲ್ ವಿಡಿಯೋ ಪ್ರತಿಯನ್ನು ಕೋರ್ಟಿಗೆ ಕೊಡಬೇಕೆಂದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಇರಬೇಕು, ತಜ್ಞರ ಸಹಿಯೂ ಬೇಕು. ವಕೀಲರಿಗೆ ಇದು ಗೊತ್ತಿಲ್ಲದಿದ್ದರೆ ಪೆಟ್ಟು ಬೀಳೋದು ಕಕ್ಷಿದಾರನಿಗೆ.

ಇಷ್ಟಾದರೂ, ಒಮ್ಮೆ ಎಐಬಿಇ ಪರೀಕ್ಷೆ ಪಾಸಾದವರು ಮುಂದೆಯೂ ಕಲಿಯಲೇಬೇಕೆಂಬ ನಿಯಮವಿಲ್ಲ. ವಿಚಾರ ಸಂಕಿರಣ ನಡೆಸುವ ಹೊಣೆಯನ್ನು 1961ರ ವಕೀಲರ ಕಾಯ್ದೆ ರಾಜ್ಯ ವಕೀಲರ ಪರಿಷತ್ತಿಗೆ ಕೊಟ್ಟಿದೆ. ಅದು ಬೆಂಗಳೂರಲ್ಲಿ ನಡೆದರೆ ಮಳವಳ್ಳಿಯ ಜೂನಿಯರ್‌ಗೆ ಒಂದು ದಿನದ ದುಡಿಮೆಯೇ ಹೋಯ್ತು. ತಾಲ್ಲೂಕು ವಕೀಲರ ಸಂಘದ ಕೊಠಡಿಯಲ್ಲೇ, ಕನ್ನಡದಲ್ಲೇ ನಡೆಸಿ, ಆಮೇಲೆ ಕಡ್ಡಾಯ ಮಾಡಲಿ.